ನಟ್ಟನಡುವಿನ ಸಂಖ್ಯೆ: ನಮ್ಮ ಪ್ರಾಚೀನ ಗಣಿತಗ್ರಂಥಗಳಲ್ಲಿ ಯೋಗಾರ್ಧದ ವಿಚಾರ

ಎರಡು ಸಂಖ್ಯೆಗಳನ್ನು ಹೇಳಿ, ಅವುಗಳ ನಟ್ಟನಡುವೆ ನಿಲ್ಲತಕ್ಕ ಸಂಖ್ಯೆ ಯಾವುದೆಂದು ಶಾಲೆಯ ಬಾಲಕನನ್ನು ಕೇಳಿದರೆ, ಅವನು ಎರಡನ್ನೂ ಕೂಡಿಸಿ ಅರ್ಧಮಾಡಿ ಒಡನೆಯೇ ಉತ್ತರವನ್ನು ಹೇಳುವನು. ಉಪಾಧ್ಯಾಯರಾದರೋ ಹಲಗೆಯ ಮೇಲೆ ಒಂದು ಗೆರೆಯನ್ನೆಳೆದು, ಅದರಲ್ಲೊಂದು ಕಡೆ ಸೊನ್ನೆಯನ್ನಿಟ್ಟು, ಅದರ ಬಲಕ್ಕೆ ಧನಸಂಖ್ಯೆಗಳನ್ನೂ ಎಡಕ್ಕೆ ಋಣಸಂಖ್ಯೆಗಳನ್ನೂ ಗುರುತಿಸಿ, ಆ ಉತ್ತರವು ಗೆರೆಯ ಮೇಲೆ ಎಲ್ಲಿ ಬೀಳುವುದೆಂಬುದನ್ನು ತೋರಿಸುವರು. ಇಷ್ಟು ಸುಲಭವಾದ ವಿಷಯಕ್ಕೂ ಒಂದು ಚರಿತ್ರೆಯುಂಟೆ ಎಂದು ವಾಚಕರು ಶಂಕಿಸಬಹುದು. ಉಂಟು, ಮತ್ತು ಆ ಚರಿತ್ರೆಯು ಕೆಲವು ಕಡೆಗಳಲ್ಲಿ ಸುಲಭವಾದುದೂ ಅಲ್ಲ.

ಈ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ವಿದ್ಯಾವಂತರ ಮಾತಿನಲ್ಲಿ ಕೇಳಬರುತ್ತವೆ. ಸಂಖ್ಯೆಯನ್ನು ರೇಖೆಯ ಮೇಲೆ ಕಾಣುವ ಕಲ್ಪನೆಯು ಕೇವಲ ಪಾಶ್ಚಾತ್ಯವಾದುದು, ನಮ್ಮವರಿಗೆ ಅದರ ಸುಳಿವೇ ಇರಲಿಲ್ಲವೆಂಬುದು ಒಂದು. ಇಂದಿನ ಗಣಿತವೆಲ್ಲವೂ ಲೀಲಾವತಿಯಲ್ಲಿಯೇ ಅಡಗಿದೆಯೆಂಬುದು ಮತ್ತೊಂದು. ಗ್ರಂಥಗಳನ್ನು ತೆರೆದು ಲೆಕ್ಕಗಳನ್ನು ಮಾಡಿ ನೋಡಿದವರಿಗೆ ಇವೆರಡೂ ನಿಲ್ಲುವ ಮಾತುಗಳೆಂದು ತೋರಲಾರವು. ನಮ್ಮ ಪೂರ್ವಿಕರು ಎರಡರ ನಡುವನ್ನು ಕಂಡುಹಿಡಿಯುವ ಕ್ರಮವನ್ನು ಅರಿತಿದ್ದರೆಂಬುದು ದೊಡ್ಡ ಮಾತಲ್ಲ. ಅದು ಯಾರಿಗಾದರೂ ತೋರುವಂಥದು. ಆ ನಡುವು ಯಾವುದರ ನಡುವು ಎಂಬ ಪ್ರಶ್ನೆಯನ್ನು ಅವರು ಕೇಳಿಕೊಂಡರು, ಕೇಳಿ ಅದಕ್ಕೆ ತಕ್ಕಂತೆ ಲೆಕ್ಕವನ್ನು ತಿದ್ದಿಕೊಂಡರು ಎಂಬುದನ್ನೇ ಈ ಲೇಖನದಲ್ಲಿ ತೋರಿಸಬೇಕೆಂದಿರುವೆವು.

ಮೊದಲು ಶಬ್ದಗಳ ವಿಷಯವಾಗಿ ಎರಡು ಮಾತು. ಕನ್ನಡದಲ್ಲಿ 'ನಡು' ಎಂಬುದು ದೇಶವಾಚಕವಾದ ಶಬ್ದ. ಮನುಷ್ಯನ ಸೊಂಟಕ್ಕೂ ಅದೇ ಹೆಸರು. ಅದು ಇಮ್ಮಡಿಸಿ 'ನಟ್ಟನಡು' ಎಂದಾದಾಗ 'ಕಟ್ಟಕಡೆ', 'ತುತ್ತತುದಿ', 'ಮೊತ್ತಮೊದಲು' ಎಂಬುವುಗಳ ಸಾಲಿಗೆ ಸೇರಿ, ಅತ್ತಿತ್ತ ಎಳ್ಳಷ್ಟೂ ಸರಿಯದ ನಿಶ್ಚಿತಸ್ಥಾನವನ್ನು ಹೇಳುತ್ತದೆ. ಅರ್ಧಕ್ಕೆ 'ಅರೆ' ಎಂಬ ಅಚ್ಚಗನ್ನಡ ಪದವುಂಟು. 'ನಾಲ್ಕೂವರೆ', 'ಐವತ್ತೂವರೆ' ಎಂಬಲ್ಲಿ ಅದು ಪೂರ್ಣಸಂಖ್ಯೆಗೆ ಎಷ್ಟು ಸಹಜವಾಗಿ ಹೊಂದಿಕೊಳ್ಳುತ್ತದೆಂಬುದನ್ನು ಗಮನಿಸಬೇಕು. ಆದರೆ ಲೆಕ್ಕದ ನಡುವಿಗೆ ನಾವು ಈಗ ಬಳಸುವ 'ಸರಾಸರಿ' ಎಂಬುದು ಪಾರಸಿಯ ಮೂಲದ್ದು. ಆ ಭಾಷೆಯಲ್ಲಿ 'ಸರಾಸರ್' ಎಂದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಂದರ್ಥ. ತುದಿಗಳನ್ನು ಹೇಳುವ ಶಬ್ದವೇ ನಮ್ಮಲ್ಲಿ ನಡುವನ್ನು ಹೇಳುವಂತಾದುದು ವಿನೋದವಾಗಿದೆ. ಸಂಸ್ಕೃತಗ್ರಂಥಗಳಲ್ಲಿ ಈ ಅರ್ಥಕ್ಕೆ ಒಂದೇ ಪದವಿಲ್ಲ. ಶ್ರೇಢಿಯ ಲೆಕ್ಕದಲ್ಲಿ 'ಮಧ್ಯಧನ', ಅಗೆತದ ಲೆಕ್ಕದಲ್ಲಿ 'ಸಮಮಿತಿ', ಮಿಕ್ಕೆಡೆಗಳಲ್ಲಿ 'ಯೋಗಾರ್ಧ', 'ಯುತಿದಲ' ಎಂದು ಸಂದರ್ಭಕ್ಕೊಂದು ಹೆಸರುಂಟು. ಹೆಸರುಗಳು ಹಲವಾಗಿರುವುದು ಶಬ್ದದಾರಿದ್ರ್ಯದಿಂದಲ್ಲ, ವಸ್ತುಗಳು ಹಲವಾಗಿರುವುದರಿಂದಲೇ ಎಂಬುದು ಮುಂದೆ ತಿಳಿದುಬರುವುದು.

ಸಮನಾದ ಏರಿಕೆಯಿಂದ ಬೆಳೆಯುವ ಸಂಖ್ಯೆಗಳ ಸಾಲಿಗೆ ನಮ್ಮವರು ಶ್ರೇಢಿಯೆಂದು ಹೆಸರಿಟ್ಟರು. ಮೊದಲಿನದು ಆದಿ ಅಥವಾ ಮುಖ, ಏರಿಕೆಯು ಚಯ, ಎಷ್ಟು ಸಂಖ್ಯೆಗಳಿವೆಯೆಂಬುದು ಗಚ್ಛ. ಇವುಗಳ ಒಟ್ಟು ಮೊತ್ತವನ್ನು ಕಾಣುವ ಕ್ರಮವನ್ನು ಆರ್ಯಭಟನು ಕ್ರಿ. ಶ. ೪೯೯ರ ತನ್ನ ಆರ್ಯಭಟೀಯದ ಗಣಿತಪಾದದಲ್ಲಿ ಒಂದೇ ಆರ್ಯೆಯಲ್ಲಿ ಅಡಗಿಸಿರುವನು. ಅವನು ಎರಡು ದಾರಿಗಳನ್ನು ಹೇಳುತ್ತಾನೆ: ನಡುವಿನ ಬೆಲೆಯನ್ನು ಕಂಡು ಗಚ್ಛದಿಂದ ಗುಣಿಸುವುದು ಒಂದು, ಮೊದಲಿನದನ್ನೂ ಕಡೆಯದನ್ನೂ ಕೂಡಿಸಿ ಗಚ್ಛದ ಅರ್ಧದಿಂದ ಗುಣಿಸುವುದು ಇನ್ನೊಂದು. ಎರಡೂ ಒಂದೇ ಎಂಬುದು ಸ್ಪಷ್ಟ. ಆದರೆ ಮೊದಲನೆಯ ದಾರಿಯಲ್ಲಿ ನಡುವೆಂಬುದು ತಾನೇ ಒಂದು ಸಂಖ್ಯೆಯಾಗಿ ಎದ್ದು ನಿಂತಿದೆ. ಎರಡನೆಯದರಲ್ಲಿ ಅದು ಮರೆಯಾಗಿದೆ.

ಕ್ರಿ. ಶ. ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಇದನ್ನೇ ಉದಾಹರಣೆಗಳಿಂದ ಬೆಳಗಿಸಿರುವನು. ಒಬ್ಬ ದಾನಿಯು ಮೊದಲ ದಿನ ೪ ದ್ರಮ್ಮಗಳನ್ನು ಕೊಟ್ಟು, ದಿನದಿನಕ್ಕೆ ೫ ದ್ರಮ್ಮಗಳಂತೆ ಏರಿಸುತ್ತ ಒಂದು ಪಕ್ಷದವರೆಗೆ, ಎಂದರೆ ೧೫ ದಿನ, ಬ್ರಾಹ್ಮಣರಿಗೆ ದಾನಮಾಡಿದನು. ಕಡೆಯ ದಿನದ ದಾನವು ೭೪, ಮೊದಲಿನದೂ ಕಡೆಯದೂ ಕೂಡಿ ೭೮, ಅರ್ಧವು ೩೯, ಅದನ್ನು ೧೫ರಿಂದ ಗುಣಿಸಿದರೆ ೫೮೫. ಈ ೩೯ ಎಂಬುದು ಕೇವಲ ಲೆಕ್ಕದ ಸಂಖ್ಯೆಯಲ್ಲ. ಎಂಟನೆಯ ದಿನ ದಾನಿಯು ನಿಜವಾಗಿಯೂ ಕೊಟ್ಟ ಹಣವೇ ಅದು. ಹಿಂದೆ ಏಳು ದಿನ, ಮುಂದೆ ಏಳು ದಿನ, ನಡುವೆ ಅದೊಂದು ದಿನ.

ಇನ್ನೊಂದು ಉದಾಹರಣೆಯಲ್ಲಿ ರಾಜನೊಬ್ಬನು ಶತ್ರುವಿನ ಆನೆಗಳನ್ನು ಹಿಡಿಯಲು ಹೊರಟು ಮೊದಲ ದಿನ ೨ ಯೋಜನ ನಡೆದನು; ಮುಂದೆ ದಿನವೂ ಸಮನಾಗಿ ವೇಗವನ್ನು ಹೆಚ್ಚಿಸಿ ೭ ದಿನಗಳಲ್ಲಿ ೮೦ ಯೋಜನ ದೂರದ ವೈರಿನಗರವನ್ನು ಸೇರಿದನು; ದಿನದ ಏರಿಕೆಯೆಷ್ಟು? ಒಟ್ಟನ್ನು ಗಚ್ಛದಿಂದ ಭಾಗಿಸಿ, ಮುಖವನ್ನು ಕಳೆದು, ಒಂದು ಕಡಮೆಯಾದ ಗಚ್ಛದ ಅರ್ಧದಿಂದ ಭಾಗಿಸೆಂದು ಆಚಾರ್ಯನ ಸೂತ್ರ. ಹಾಗೆ ಏಕೆ? ೮೦ನ್ನು ೭ರಿಂದ ಭಾಗಿಸಿದರೆ ಬರುವುದು ನಡುವಿನ, ಎಂದರೆ ನಾಲ್ಕನೆಯ ದಿನದ, ನಡಿಗೆ. ಮೊದಲ ದಿನಕ್ಕೂ ಅದಕ್ಕೂ ಮೂರು ದಿನಗಳ ಏರಿಕೆಯ ಅಂತರ. ಆ ಅಂತರವು ೬೬/೭. ಮೂರರಿಂದ ಭಾಗಿಸಲು ೨೨/೭ ಯೋಜನ. (ಈ ೨೨/೭ಕ್ಕೂ ವೃತ್ತದ ಪರಿಧಿಗೂ ಯಾವ ಸಂಬಂಧವೂ ಇಲ್ಲ, ಹೆಸರಾಂತ ಭಿನ್ನರಾಶಿಯೊಂದು ಆಕಸ್ಮಿಕವಾಗಿ ಇಲ್ಲಿಗೂ ಬಂದಿದೆ, ಅಷ್ಟೆ. ಅಂಕೆಗಳ ಹೋಲಿಕೆಯಿಂದ ಗೂಢಾರ್ಥವನ್ನು ಹೊರಡಿಸುವ ಉತ್ಸಾಹಿಗಳು ಇಲ್ಲಿ ತಡೆದು ನಿಲ್ಲುವುದು ಲೇಸು.)

ಇಷ್ಟರವರೆಗೆ ನಡುವಿಗೆ ಒಂದು ದಿನವಿತ್ತು. ಮೂರನೆಯ ಉದಾಹರಣೆಯಲ್ಲಿ ಆದಿಯು ೭, ಚಯವು ೫, ಗಚ್ಛವು ೮. ಸಾಲನ್ನು ಬರೆದರೆ ೭, ೧೨, ೧೭, ೨೨, ೨೭, ೩೨, ೩೭, ೪೨. ಕಡೆಯದು ೪೨, ಮೊದಲಿನದನ್ನು ಕೂಡಿಸಿದರೆ ೪೯, ಅದರ ಅರ್ಧ ಇಪ್ಪತ್ತನಾಲ್ಕೂವರೆ, ಎಂಟರಿಂದ ಗುಣಿಸಲು ೧೯೬. ಉತ್ತರವೇನೋ ಸರಿ. ಆದರೆ ಈ ಇಪ್ಪತ್ತನಾಲ್ಕೂವರೆಯು ಯಾವ ದಿನದ್ದು? ಸಾಲಿನಲ್ಲಿ ಅದಿಲ್ಲ. ಈ ತೊಡಕನ್ನು ಶಿಷ್ಯರ ಬಾಯಲ್ಲಿ ಬರುವುದಕ್ಕೆ ಮುಂಚೆಯೇ ಆಚಾರ್ಯನು ಕಂಡುಕೊಂಡು, ತನ್ನ ಗದ್ಯವಿವರಣೆಯಲ್ಲಿ ಅದಕ್ಕೆ ಸಮಾಧಾನವನ್ನು ಹೇಳಿರುವನು. ಗಚ್ಛವು ಸಮಸಂಖ್ಯೆಯಾದಾಗ ನಡುವಿನ ದಿನವೆಂಬುದೇ ಇಲ್ಲ; ಆದುದರಿಂದ ನಡುವಿಗೆ ಹಿಂದಿನ ದಿನದ ಮತ್ತು ಮುಂದಿನ ದಿನದ ಧನಗಳನ್ನು ಕೂಡಿಸಿ ಅರ್ಧಮಾಡಿದುದು ಮಧ್ಯದಿನದ ಧನವಾಗಲು ತಕ್ಕುದು ಎಂಬುದು ಆ ವಿವರಣೆಯ ತಾತ್ಪರ್ಯ. ಇಲ್ಲಿ ಆ ಎರಡು ದಿನಗಳ ಧನಗಳು ೨೨, ೨೭. ಅವುಗಳ ಯೋಗಾರ್ಧವೂ ಅದೇ ಇಪ್ಪತ್ತನಾಲ್ಕೂವರೆ.

ಸಾಹಿತ್ಯದ ಅಧ್ಯಾಪಕರು ಈ ಮಾತಿನ ಬಳಿ ಸ್ವಲ್ಪ ನಿಲ್ಲಬೇಕೆಂದು ನಮ್ಮ ಕೋರಿಕೆ. ದಿನವೇ ಇಲ್ಲವೆಂದು ಹೇಳಿದ ಬಾಯಲ್ಲಿಯೇ ಆಚಾರ್ಯನು ಆ ದಿನದ ಧನವನ್ನು ಹೇಳುತ್ತಿರುವನು. ಕೊಟ್ಟವರಿಲ್ಲ, ಕೊಂಡವರಿಲ್ಲ, ದಿನವೂ ಇಲ್ಲ; ಆದರೂ ೨೨ಕ್ಕೂ ೨೭ಕ್ಕೂ ನಡುವೆ ಒಂದು ಸ್ಥಾನವಿದೆ, ಆ ಸ್ಥಾನಕ್ಕೆ ಒಂದು ಸಂಖ್ಯೆಯಿದೆ. ಎಣಿಕೆಗೆ ಸಿಕ್ಕುವ ವಸ್ತುಗಳಿಂದ ಸಂಖ್ಯೆಯು ಇಲ್ಲಿ ಬಿಡಿಸಿಕೊಂಡು ಹೊರಬಂದಿದೆ. ಇದನ್ನು ಸಂಖ್ಯಾರೇಖೆಯೆಂದು ಕರೆಯಲು ನಾವು ಸಿದ್ಧರಿಲ್ಲ. ಆದರೆ ರೇಖೆಯ ಮೇಲಿನ ಎರಡು ಚುಕ್ಕೆಗಳ ನಡುವೆ ಮೂರನೆಯದೊಂದನ್ನು ಕಾಣುವ ಕಣ್ಣು ಇದೇ ಎಂಬುದರಲ್ಲಿ ಸಂದೇಹವಿಲ್ಲ.

ಇನ್ನು ಈ ಪ್ರಶ್ನೆಯನ್ನೇ ತಿರುಗಿಸಿದರೆ ಹೇಗೆ? ತುದಿಗಳನ್ನು ಕೊಟ್ಟು ನಡುವನ್ನು ಕೇಳುವ ಬದಲು, ನಡುವನ್ನೂ ಅಗಲವನ್ನೂ ಕೊಟ್ಟು ತುದಿಗಳನ್ನು ಕೇಳಿದರೆ? ಇದಕ್ಕೆ ನಮ್ಮವರಿಟ್ಟ ಹೆಸರು ಸಂಕ್ರಮಣ. ಬ್ರಹ್ಮಗುಪ್ತನು ಕ್ರಿ. ಶ. ೬೨೮ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಇದನ್ನು ಹೇಳಿರುವನು. ಇದರಲ್ಲಿ ಕರ್ಣಾಟಕಕ್ಕೂ ಪಾಲುಂಟು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಕವಿರಾಜಮಾರ್ಗವು ಹುಟ್ಟಿದ ಕಾಲದಲ್ಲಿಯೇ, ಎಂದರೆ ಕ್ರಿ. ಶ. ೮೫೦ರ ಸುಮಾರಿನಲ್ಲಿ, ಜೈನನಾದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವೆಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಚಕ್ರವರ್ತಿಯನ್ನು ಹೊಗಳಿ, ಅಡುಗೆ ಸಂಗೀತ ನಾಟಕ ವೈದ್ಯ ವಾಸ್ತು ಛಂದಸ್ಸು ಅಲಂಕಾರ ಇವೆಲ್ಲವುಗಳಲ್ಲಿಯೂ ಗಣಿತವು ಬೇಕೆಂದು ಆರಂಭದಲ್ಲಿ ಹೇಳುವ ಈ ಗ್ರಂಥವು ಪ್ರೊಫೆಸರ್ ರಂಗಾಚಾರ್ಯರ ಸಂಪಾದನೆಯಿಂದ ೧೯೧೨ರಲ್ಲಿ ಮದರಾಸಿನಲ್ಲಿ ಅಚ್ಚಾಗಿ ಬೆಳಕಿಗೆ ಬಂದಿತು. ಇದರ ಮಿಶ್ರಕವ್ಯವಹಾರದ ಮೊದಲಿನಲ್ಲಿಯೇ ಸಂಕ್ರಮಣವಿದೆ: ಯೋಗವನ್ನೂ ಅಂತರವನ್ನೂ ಕೂಡಿಸಿ ಒಮ್ಮೆ, ಕಳೆದು ಒಮ್ಮೆ, ಎರಡನ್ನೂ ಅರ್ಧಮಾಡುವುದೇ ಸಂಕ್ರಮಣವು. ಅಷ್ಟಕ್ಕೇ ನಿಲ್ಲದೆ, ಭಾಜಕ ಮತ್ತು ಲಬ್ಧಗಳ ಮೇಲೆ ಅದೇ ಕ್ರಿಯೆಯನ್ನು ನಡೆಸಿದರೆ ಅದು ವಿಷಮಸಂಕ್ರಮಣವಾಗುವುದೆಂದು ಆತನು ವಿಂಗಡಿಸಿರುವನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ವ್ಯವಹಾರಗಣಿತವೇ ಮೊದಲಾದ ಗ್ರಂಥಗಳನ್ನು ಬರೆಯುವುದಕ್ಕೆ ಎಷ್ಟೋ ಮುಂಚೆ ನಮ್ಮ ನಾಡಿನಲ್ಲಿ ಈ ಶಾಸ್ತ್ರವು ಈ ಮಟ್ಟವನ್ನು ಮುಟ್ಟಿದ್ದಿತು.

ಲೀಲಾವತಿಯಲ್ಲಿರುವ ಲೆಕ್ಕವನ್ನು ನೋಡೋಣ: ಎರಡು ರಾಶಿಗಳ ಯೋಗವು ೧೦೧, ಅಂತರವು ೨೫, ರಾಶಿಗಳಾವುವು? ಯೋಗಾರ್ಧವು ಐವತ್ತೂವರೆ, ಅದೇ ನಡು. ಅಂತರಾರ್ಧವು ಹನ್ನೆರಡೂವರೆ, ಅಷ್ಟು ದೂರ ಮುಂದೆ ನಡೆದರೆ ೬೩, ಅಷ್ಟೇ ದೂರ ಹಿಂದೆ ನಡೆದರೆ ೩೮. ಹೀಗೆ ನಡುವಿನಲ್ಲಿ ನಿಂತು ಎರಡು ಕಡೆಗೂ ಹೆಜ್ಜೆಯಿಡುವುದೇ ಸಂಕ್ರಮಣದ ಜೀವಾಳ. ನಮ್ಮವರ ಬೀಜಗಣಿತದಲ್ಲಿ ಇದು ಎಷ್ಟು ಸಲ ಬರುತ್ತದೆಯೆಂಬುದಕ್ಕೆ ಲೆಕ್ಕವಿಲ್ಲ. ಎರಡು ರಾಶಿಗಳ ಗುಣಲಬ್ಧವನ್ನೂ ಅಂತರವನ್ನೂ ಕೊಟ್ಟರೆ ರಾಶಿಗಳನ್ನು ಕಾಣಲು ಆರ್ಯಭಟನು ಹೇಳಿದ ಉಪಾಯವೂ ಕಡೆಗೆ ಇದಕ್ಕೇ ಬಂದು ನಿಲ್ಲುತ್ತದೆ.

ಈಗ ಲೇಖನದ ಮೊದಲಿನಲ್ಲಿ ಎತ್ತಿದ ರೇಖೆಯ ಪ್ರಶ್ನೆಗೆ ಬರೋಣ. ಹಿಂದೆ ನಡೆದು ಸೊನ್ನೆಯನ್ನು ದಾಟಿಬಿಟ್ಟರೆ ಏನಾಗುವುದು? ತ್ರಿಭುಜದ ಶಿರಸ್ಸಿನಿಂದ ಭೂಮಿಗೆ ಲಂಬವನ್ನು ಇಳಿಸಿದಾಗ ಭೂಮಿಯು ಎರಡು ತುಂಡುಗಳಾಗುತ್ತದೆ; ಇವುಗಳಿಗೆ ಆಬಾಧೆಗಳೆಂದು ಹೆಸರು. ಇವುಗಳನ್ನು ಕಾಣುವ ಸೂತ್ರವೂ ಸಂಕ್ರಮಣವೇ. ಎರಡು ಭುಜಗಳ ಯೋಗವನ್ನು ಅವುಗಳ ಅಂತರದಿಂದ ಗುಣಿಸಿ ಭೂಮಿಯಿಂದ ಭಾಗಿಸಿದರೆ ಬರುವ ಲಬ್ಧವು ಆಬಾಧೆಗಳ ಅಂತರ. ಅವುಗಳ ಯೋಗವಾದರೋ ಭೂಮಿಯೇ. ಭಾಸ್ಕರನು ಲೀಲಾವತಿಯಲ್ಲಿ ಒಂದು ಲೆಕ್ಕವನ್ನು ಬೇಕೆಂದೇ ಹೆಣೆದಿಟ್ಟಿರುವನು: ಭುಜಗಳು ೧೦ ಮತ್ತು ೧೭, ಭೂಮಿಯು ೯. ಯೋಗವು ೨೭, ಅಂತರವು ೭, ಗುಣಲಬ್ಧವು ೧೮೯, ೯ರಿಂದ ಭಾಗಿಸಲು ೨೧. ಭೂಮಿಯ ಉದ್ದವೇ ೯ ಆಗಿರುವಾಗ ಅದರ ಎರಡು ತುಂಡುಗಳ ಅಂತರವು ೨೧ ಆಗುವುದೆಂತು? ಸಾಧಾರಣನಾದವನು ಲೆಕ್ಕವು ತಪ್ಪೆಂದು ಹಲಗೆಯನ್ನು ಒರಸಿಬಿಡುವನು. ಆಚಾರ್ಯನು ಒರಸಲಿಲ್ಲ. ೯ರ ಅರ್ಧ ನಾಲ್ಕೂವರೆ, ೨೧ರ ಅರ್ಧ ಹತ್ತೂವರೆ, ಕೂಡಿಸಲು ೧೫, ಕಳೆಯಲು ಋಣವಾದ ೬. ಆಬಾಧೆಯು ಋಣವಾಯಿತೆಂದರೆ ಅದು ವಿರುದ್ಧದಿಕ್ಕಿನಲ್ಲಿರುವುದೆಂದು ಅರ್ಥವೆಂಬುದಾಗಿ ಆತನು ಸ್ಪಷ್ಟವಾಗಿ ಹೇಳಿರುವನು. ಲಂಬವು ಭೂಮಿಯ ಮೇಲೆ ಬೀಳದೆ, ಅದನ್ನು ಹೊರಕ್ಕೆ ಬೆಳೆಸಿದ ಗೆರೆಯ ಮೇಲೆ, ತುದಿಯಿಂದ ೬ರಷ್ಟು ಆಚೆಗೆ ಬೀಳುತ್ತದೆ. ಲಂಬದ ಉದ್ದವು ೮. ೧೦ರ ವರ್ಗದಿಂದ ೬ರ ವರ್ಗವನ್ನು ಕಳೆದರೂ, ೧೭ರ ವರ್ಗದಿಂದ ೧೫ರ ವರ್ಗವನ್ನು ಕಳೆದರೂ ಉಳಿಯುವುದು ೬೪ ಒಂದೇ. ಒಂದು ಋಣಸಂಖ್ಯೆ, ಒಂದು ಧನಸಂಖ್ಯೆ. ಅವುಗಳ ಯೋಗಾರ್ಧವು ನಾಲ್ಕೂವರೆ. ಅದೇ ಭೂಮಿಯ ನಟ್ಟನಡು. ಇಂದಿನ ಶಾಲೆಯಲ್ಲಿ ಗೆರೆಯ ಮೇಲೆ ಕೇಳುವ ಪ್ರಶ್ನೆಯು ಇದಕ್ಕಿಂತ ಬೇರೆಯೇ?

ಬೇರೆಯೆಂದೇ ಹೇಳಬೇಕು, ಇಲ್ಲಿ ನಮ್ಮ ಅಭಿಮಾನಿಗಳು ಸ್ವಲ್ಪ ತಾಳಬೇಕು. ಭಾಸ್ಕರನ ಋಣವು ದಿಕ್ಕುಳ್ಳ ಗೆರೆಯಲ್ಲಿ ಒಪ್ಪಿತವಾಯಿತು, ಎಲ್ಲೆಡೆಯೂ ಅಲ್ಲ. ಅದೇ ಆಚಾರ್ಯನ ಬೀಜಗಣಿತದಲ್ಲಿ ಕಪಿಗಳ ಲೆಕ್ಕವೊಂದಿದೆ. ಹಿಂಡಿನ ಐದನೆಯ ಒಂದು ಪಾಲಿನಲ್ಲಿ ಮೂರನ್ನು ಕಳೆದು ವರ್ಗಮಾಡಿದಷ್ಟು ಕಪಿಗಳು ಗುಹೆಯನ್ನು ಹೊಕ್ಕವು. ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಹಿಂಡಿನಲ್ಲಿ ಎಷ್ಟು ಕಪಿಗಳು? ೫೦ ಎಂದರೂ ಸರಿಹೋಗುವುದು, ೫ ಎಂದರೂ ಸರಿಹೋಗುವುದು. ಆದರೆ ೫ರ ಐದನೆಯ ಪಾಲು ೧. ಅದರಲ್ಲಿ ಮೂರನ್ನು ಕಳೆದರೆ ಋಣವಾದ ೨. ವ್ಯಕ್ತರಾಶಿಯು ಋಣವಾಗುವುದನ್ನು ಜನರು ನಂಬರೆಂದು ಹೇಳಿ ಆಚಾರ್ಯನು ಎರಡನೆಯ ಉತ್ತರವನ್ನು ಬಿಟ್ಟಿರುವನು. ಕಪಿಗಳಿಗೆ ದಿಕ್ಕಿಲ್ಲ, ಗೆರೆಗೆ ದಿಕ್ಕುಂಟು. ಇಂದಿನ ಸಂಖ್ಯಾರೇಖೆಯಾದರೋ ಕಪಿಯನ್ನೂ ಗೆರೆಯನ್ನೂ ನೋಡದೆ ಸಂಖ್ಯೆಯೆಂಬುದನ್ನೇ ಗೆರೆಯ ಮೇಲೆ ಕೂಡಿಸುತ್ತದೆ. ಕ್ರಿ. ಶ. ೧೬೦೦ರ ಸುಮಾರಿನಲ್ಲಿ ಬೀಜಗಣಿತಕ್ಕೆ ವ್ಯಾಖ್ಯಾನವನ್ನು ಬರೆದ ಕೃಷ್ಣದೈವಜ್ಞನು ಈ ಕಡೆಗೆ ಇನ್ನೊಂದು ಹೆಜ್ಜೆಯಿಟ್ಟನು. ಋಣತ್ವವು ದೇಶದಿಂದ, ಕಾಲದಿಂದ, ವಸ್ತುವಿನಿಂದ ಹೀಗೆ ಮೂರು ಬಗೆಯೆಂದೂ, ಒಂದೇ ಗೆರೆಯಲ್ಲಿ ಪೂರ್ವವನ್ನು ಧನವೆಂದು ಹಿಡಿದರೆ ಪಶ್ಚಿಮವು ಋಣವೆಂದೂ ಅವನು ವಿವರಿಸಿದನು. ಇಂಗ್ಲೆಂಡಿನಲ್ಲಿ ಜಾನ್ ವಾಲಿಸನು ೧೬೮೫ರ ತನ್ನ ಬೀಜಗಣಿತಗ್ರಂಥದಲ್ಲಿ, ಐದು ಗಜ ಮುಂದೆ ನಡೆದು ಎಂಟು ಗಜ ಹಿಂದೆ ಸರಿದವನು ಹೊರಟ ಸ್ಥಳಕ್ಕಿಂತ ಮೂರು ಗಜ ಹಿಂದಿರುವನೆಂದು ಗೆರೆಯನ್ನು ಬರೆದು ತೋರಿಸಿದನು. ಯಾರು ಯಾರಿಂದ ಕಲಿತರೆಂಬ ಜಗಳಕ್ಕೆ ಇಲ್ಲಿ ಎಡೆಯಿಲ್ಲ. ಗೆರೆಯಲ್ಲಿ ಹಿಂದುಮುಂದೆಂಬುದು ಎಲ್ಲ ಮನುಷ್ಯರ ಕಾಲಿಗೂ ತಿಳಿದ ವಿಷಯ.

ನಡುವಿನ ಸಂಖ್ಯೆಯು ಅತ್ಯಂತ ಸೂಕ್ಷ್ಮವಾದ ಕೆಲಸವನ್ನು ಮಾಡಿರುವುದು ಜ್ಯೋತಿಷದಲ್ಲಿ. ಬ್ರಹ್ಮಗುಪ್ತನು ಕ್ರಿ. ಶ. ೬೬೫ರಲ್ಲಿ ರಚಿಸಿದ ಖಂಡಖಾದ್ಯಕದಲ್ಲಿ ತ್ರಿಜ್ಯೆಯು ೧೫೦. ಹದಿನೈದು ಅಂಶಗಳಿಗೆ, ಎಂದರೆ ೯೦೦ ಕಲೆಗಳಿಗೆ, ಒಂದರಂತೆ ಆರು ಜ್ಯಾಖಂಡಗಳು: ೩೯, ೩೬, ೩೧, ೨೪, ೧೫, ೫. ಕೋನವು ಏರಿದಂತೆ ಜ್ಯೆಯು ಏರುತ್ತದೆ, ಆದರೆ ಏರಿಕೆಯು ಕುಗ್ಗುತ್ತ ಹೋಗುತ್ತದೆ. ಈಗ ೪೦ ಅಂಶಗಳ ಜ್ಯೆಯು ಬೇಕಾಗಿದೆಯೆನ್ನೋಣ. ಎರಡು ಖಂಡಗಳು ಕಳೆದುವು, ೭೫ ಆಯಿತು. ಉಳಿದುದು ೧೦ ಅಂಶ, ೬೦೦ ಕಲೆ. ಕಳೆದ ಖಂಡವು ೩೬, ಬರತಕ್ಕ ಖಂಡವು ೩೧. ಬರತಕ್ಕುದನ್ನೇ ಹಿಡಿದು ತ್ರೈರಾಶಿಕದಿಂದ ಅದರ ಮೂರನೆಯ ಎರಡು ಪಾಲನ್ನು ಸೇರಿಸಿದರೆ ೯೫ ೨/೩. ಇದು ಸ್ಥೂಲ.

ಬ್ರಹ್ಮಗುಪ್ತನು ಎರಡು ಖಂಡಗಳ ಯೋಗಾರ್ಧವನ್ನು ಹಿಡಿಯುತ್ತಾನೆ: ಮೂವತ್ತಮೂರೂವರೆ. ಅಲ್ಲಿಗೂ ನಿಲ್ಲುವುದಿಲ್ಲ. ಅಂತರಾರ್ಧವಾದ ಎರಡೂವರೆಯನ್ನು ಉಳಿದ ಕಲೆಗಳಿಂದ ಗುಣಿಸಿ ೯೦೦ರಿಂದ ಭಾಗಿಸಿ ಬಂದ ೧ ೨/೩ನ್ನು ಅದರಲ್ಲಿ ಕಳೆಯುತ್ತಾನೆ. ಉಳಿದುದು ೩೧ ೫/೬. ಇದೇ ಸ್ಫುಟವಾದ ಭೋಗ್ಯಖಂಡ. ಇದರ ಮೂರನೆಯ ಎರಡು ಪಾಲನ್ನು ಸೇರಿಸಲು ಜ್ಯೆಯು ೯೬ ೨/೯. ಇಂದಿನ ಕೋಷ್ಟಕಗಳ ಪ್ರಕಾರ ಅದು ಸುಮಾರು ೯೬.೪೨. ಸ್ಥೂಲವಿಧಾನದ ತಪ್ಪು ಮುಕ್ಕಾಲಾದರೆ ಇದರದು ಕಾಲಿಗಿಂತಲೂ ಕಡಮೆ. ಈ ಸೂತ್ರದ ಒಳಹೊಕ್ಕು ನೋಡಿದರೆ ಹಳೆಯ ಪರಿಚಿತನೊಬ್ಬನು ಎದುರಾಗುವನು. ಉಳಿದ ಕಲೆಗಳು ಸೊನ್ನೆಯಾದರೆ ಖಂಡವು ನಟ್ಟನಡುವಿನ ಸಂಖ್ಯೆ. ಕಲೆಗಳು ೯೦೦ ಆದರೆ ಯೋಗಾರ್ಧದಲ್ಲಿ ಅಂತರಾರ್ಧವನ್ನು ಪೂರ್ತಿಯಾಗಿ ಕಳೆದಂತಾಗಿ ೩೧ ತಾನೇ ಬರುವುದು. ಇದು ಸಂಕ್ರಮಣವೇ, ಆದರೆ ಒಮ್ಮೆಗೇ ಹಾರುವ ಸಂಕ್ರಮಣವಲ್ಲ, ನಡುವಿನಿಂದ ತುದಿಯವರೆಗೆ ಕಲೆಕಲೆಯಾಗಿ ಜಾರುವ ಸಂಕ್ರಮಣ.

ಇನ್ನು ನೆಲಕ್ಕೆ ಇಳಿಯೋಣ. ನಾಲ್ಕು ಬದಿಗಳುಳ್ಳ ಹೊಲವನ್ನು ಅಳೆಯುವಾಗ ಎದುರುಬದುರಾದ ಬದಿಗಳನ್ನು ಕೂಡಿಸಿ ಅರ್ಧಮಾಡಿ, ಬಂದ ಎರಡು ಅರ್ಧಗಳನ್ನು ಗುಣಿಸುವ ರೂಢಿಯು ಬಹು ಪುರಾತನವಾದುದು. ಈಜಿಪ್ಟಿನ ಎಡ್ಫು ದೇವಾಲಯದ ಶಾಸನಗಳಲ್ಲಿ ದತ್ತಿಯ ಹೊಲಗಳನ್ನು ಹೀಗೆಯೇ ಅಳೆದಿದ್ದಾರೆ. ಬ್ರಹ್ಮಗುಪ್ತನು ಈ ಸೂತ್ರವನ್ನು ಕೊಟ್ಟು ಇದು ಸ್ಥೂಲವೆಂದನು, ಮಹಾವೀರನು ವ್ಯಾವಹಾರಿಕವೆಂದನು, ಇಬ್ಬರೂ ಇದರ ಪಕ್ಕದಲ್ಲಿ ಸೂಕ್ಷ್ಮವಿಧಾನವನ್ನು ಬೇರೆಯಾಗಿ ಇಟ್ಟರು. ಎಷ್ಟು ಸ್ಥೂಲವೆಂಬುದನ್ನು ಲೀಲಾವತಿಯ ಚತುರ್ಭುಜವೊಂದರಲ್ಲಿ ಪರೀಕ್ಷಿಸಬಹುದು. ಭೂಮಿಯು ೧೪, ಮುಖವು ೯, ಭುಜಗಳು ೧೩ ಮತ್ತು ೧೨, ಲಂಬವು ೧೨. ಇಲ್ಲಿ ಭೂಮಿಯೂ ಮುಖವೂ ಸಮಾಂತರವಾಗಿರುವುದರಿಂದ ಅವೆರಡರ ಯೋಗಾರ್ಧವನ್ನು ಲಂಬದಿಂದ ಗುಣಿಸಿದರೆ ನಿಜವಾದ ಫಲವು ೧೩೮. ಸ್ಥೂಲಸೂತ್ರದಿಂದ ಹನ್ನೊಂದೂವರೆಯನ್ನು ಹನ್ನೆರಡೂವರೆಯಿಂದ ಗುಣಿಸಿ ೧೪೩ ೩/೪. ಒಂದೇ ಲೆಕ್ಕದಲ್ಲಿ ಒಂದು ಯೋಗಾರ್ಧವು ಸತ್ಯವನ್ನು ಹೇಳುತ್ತದೆ. ಅದರ ಜೊತೆಗೆ ಇನ್ನೊಂದನ್ನು ಸೇರಿಸಿದೊಡನೆ ಸುಳ್ಳು ಹೊರಡುತ್ತದೆ. ಈ ಸೂತ್ರವು ನೆಟ್ಟನೆಯ ಆಯತದಲ್ಲಿ ಹೊರತು ಎಲ್ಲ ಹೊಲಗಳಲ್ಲಿಯೂ ಫಲವನ್ನು ಹೆಚ್ಚಿಸಿಯೇ ತೋರಿಸುವುದು, ಎಂದಿಗೂ ತಗ್ಗಿಸದು. ಇದರಂತೆ ಅಳೆದು ಕಂದಾಯವನ್ನು ಗೊತ್ತುಮಾಡಿದ ಎಡೆಗಳಲ್ಲೆಲ್ಲ ಒಕ್ಕಲಿಗನು ತನ್ನಲ್ಲಿಲ್ಲದ ನೆಲಕ್ಕೂ ತೆರಿಗೆಯನ್ನು ತೆತ್ತಂತಾಯಿತು.

ಎಲ್ಲಕ್ಕಿಂತ ಮನೋಹರವಾದುದು ಬಾವಿಯ ಲೆಕ್ಕ. ಮೇಲೆ ಅಗಲವಾಗಿಯೂ ತಳದಲ್ಲಿ ಕಿರಿದಾಗಿಯೂ ತೋಡಿದ ಬಾವಿಯ ಮಣ್ಣೆಷ್ಟೆಂದು ತಿಳಿದಲ್ಲದೆ ಕೂಲಿಯನ್ನು ಗೊತ್ತುಮಾಡಲಾಗದು. ಲೀಲಾವತಿಯ ಬಾವಿಯು ಬಾಯಲ್ಲಿ ೧೨ ಹಸ್ತ ಉದ್ದ, ೧೦ ಹಸ್ತ ಅಗಲ. ತಳದಲ್ಲಿ ಇವುಗಳ ಅರ್ಧ, ೬ ಮತ್ತು ೫. ಆಳವು ೭ ಹಸ್ತ. ನಡುವನ್ನು ಹಿಡಿದು ಲೆಕ್ಕಮಾಡಬೇಕೆಂಬುದೇನೋ ಸರಿ. ಆದರೆ ಯಾವುದರ ನಡುವನ್ನು? ಬದಿಗಳ ನಡುವನ್ನು ಹಿಡಿದರೆ ಉದ್ದವು ೯, ಅಗಲವು ಏಳೂವರೆ. ಕ್ಷೇತ್ರಫಲವು ೬೭ ೧/೨. ಆಳದಿಂದ ಗುಣಿಸಿದರೆ ೪೭೨ ೧/೨ ಘನಹಸ್ತ. ಕ್ಷೇತ್ರಫಲಗಳ ನಡುವನ್ನು ಹಿಡಿದರೆ ಬಾಯಿಯದು ೧೨೦, ತಳದ್ದು ೩೦, ಯೋಗಾರ್ಧವು ೭೫. ಆಳದಿಂದ ಗುಣಿಸಿದರೆ ೫೨೫. ಎರಡೂ ನಡುವೇ, ಎರಡಕ್ಕೂ ಐವತ್ತಕ್ಕೆ ಮೀರಿದ ಅಂತರ. ತೋಡಿಸಿದವನು ಮೊದಲನೆಯದನ್ನೂ ತೋಡಿದವನು ಎರಡನೆಯದನ್ನೂ ಹಿಡಿದು ವಾದಿಸಿದರೆ ಪಂಚಾಯತಿಯ ಹಿರಿಯರು ಏನು ಮಾಡುವರು? ಇವೆರಡನ್ನೂ ಕೂಡಿಸಿ ಅರ್ಧಮಾಡಿ, ೪೯೮ ೩/೪ ಎಂದು ತೀರ್ಪನ್ನು ಕೊಟ್ಟು ಇಬ್ಬರನ್ನೂ ಸಮಾಧಾನಪಡಿಸುವರು. ಲೋಕವ್ಯವಹಾರಕ್ಕೆ ಅದು ನ್ಯಾಯವೆಂದೇ ತೋರುವುದು.

ಬ್ರಹ್ಮಗುಪ್ತನು ಹಾಗೆ ಹೇಳಲಿಲ್ಲ. ಎರಡು ಫಲಗಳ ಅಂತರವನ್ನು ಮೂರರಿಂದ ಭಾಗಿಸಿ, ಬಂದುದನ್ನು ಮೊದಲನೆಯ ಫಲಕ್ಕೆ ಸೇರಿಸಿದರೆ ಸೂಕ್ಷ್ಮಫಲವಾಗುವುದೆಂದನು. ಅಂತರವು ೫೨ ೧/೨. ಮೂರನೆಯ ಪಾಲು ಹದಿನೇಳೂವರೆ. ೪೭೨ ೧/೨ಕ್ಕೆ ಸೇರಿಸಲು ೪೯೦. ಭಾಸ್ಕರನು ಐದು ಶತಮಾನಗಳ ತರುವಾಯ ಬೇರೆಯ ಸೂತ್ರದಿಂದ, ಎಂದರೆ ಬಾಯಿಯ ಫಲ, ತಳದ ಫಲ, ಎರಡರ ಬದಿಗಳನ್ನು ಕೂಡಿಸಿದ ಕ್ಷೇತ್ರದ ಫಲ ಈ ಮೂರನ್ನು ಸೇರಿಸಿ ಆರರಿಂದ ಭಾಗಿಸಿ ಆಳದಿಂದ ಗುಣಿಸಿ, ಇದೇ ೪೯೦ನ್ನು ಪಡೆದನು. ಇಂದಿನ ರೇಖಾಗಣಿತದಿಂದಲೂ ಉತ್ತರವು ಒಂದು ಕೂದಲಿನಷ್ಟೂ ಬೇರೆಯಾಗದು. ಸತ್ಯವು ಎರಡು ನಡುಗಳ ನಡುವೆ ಇದೆ, ಆದರೆ ನಟ್ಟನಡುವೆ ಇಲ್ಲ. ಮೂರು ಹೆಜ್ಜೆಯ ದಾರಿಯಲ್ಲಿ ಒಂದು ಹೆಜ್ಜೆಯ ದೂರದಲ್ಲಿದೆ.

ಮಹಾವೀರಾಚಾರ್ಯನ ಗ್ರಂಥದಲ್ಲಿಯೂ ಇದೇ ವಿಧಾನವಿದೆ. ಬದಿಗಳ ನಡುವಿನಿಂದ ಬಂದ ಫಲಕ್ಕೆ ಕರ್ಮಾಂತಿಕವೆಂದೂ, ಕ್ಷೇತ್ರಫಲಗಳ ನಡುವಿನಿ೦ದ ಬಂದುದಕ್ಕೆ ಔಂಡ್ರವೆಂದೂ ಆತನು ಹೆಸರನ್ನು ಕೊಟ್ಟಿರುವನು. ಕರ್ಮಾಂತವೆಂದರೆ ಕೆಲಸ, ಕೆಲಸದ ಶಾಲೆ. ಆದುದರಿಂದ ಮೊದಲನೆಯ ಹೆಸರಿನಲ್ಲಿ ಕೆಲಸಗಾರರ ಲೆಕ್ಕವೆಂಬ ಅರ್ಥದ ವಾಸನೆಯಿದೆ. ಪದ್ಮಾವತಮ್ಮನವರು ಈ ಗ್ರಂಥವನ್ನು ಕನ್ನಡಕ್ಕೆ ತಂದು, ಅದು ೨೦೦೦ದಲ್ಲಿ ಹೊಂಬುಜದಿಂದ ಪ್ರಕಟವಾಗಿರುವುದರಿಂದ, ಸಂಸ್ಕೃತವನ್ನರಿಯದ ವಾಚಕರೂ ಖಾತವ್ಯವಹಾರದ ಪ್ರಕರಣವನ್ನು ತಾವೇ ಓದಿ ನೋಡಬಹುದು. ಸೂತ್ರದಲ್ಲಿ ನಂಬಿಕೆ ಸಾಲದವರು ಎರಡು ಕಡೆಯ ಮೇರೆಗಳಲ್ಲಿ ಅದನ್ನು ಒರೆಗೆ ಹಚ್ಚಲಿ. ಬಾಯಿಯೂ ತಳವೂ ಸಮನಾದರೆ ಕರ್ಮಾಂತಿಕವೂ ಔಂಡ್ರವೂ ಒಂದೇ ಆಗಿ ಅಂತರವು ಸೊನ್ನೆಯಾಗುವುದು, ಕೂಡಿಸತಕ್ಕುದೇ ಇಲ್ಲ. ತಳವು ಕುಗ್ಗಿ ಕುಗ್ಗಿ ಒಂದು ಚುಕ್ಕೆಯಾದರೆ, ಅದೇ ೧೨ ಮತ್ತು ೧೦ ಹಸ್ತಗಳ ಬಾಯಿಗೆ ಬದಿಗಳ ನಡುವಿನ ಫಲವು ೩೦, ಕ್ಷೇತ್ರಗಳ ನಡುವಿನ ಫಲವು ೬೦, ಅಂತರದ ಮೂರನೆಯ ಪಾಲು ೧೦, ಕೂಡಿಸಲು ೪೦. ಎಂದರೆ ಬಾಯಿಯ ಕ್ಷೇತ್ರಫಲವಾದ ೧೨೦ರ ಮೂರನೆಯ ಒಂದು ಪಾಲು. ಸೂಚೀಖಾತದ ಫಲವು ಸಮಖಾತದ ಫಲದ ಮೂರನೆಯ ಒಂದು ಪಾಲೆಂದು ಲೀಲಾವತಿಯು ಬೇರೆಯಾಗಿ ಹೇಳುವ ಸೂತ್ರವು ಇದೇ.